ಷರಾದಲ್ಲಿ ಬರೆದ ಮಾತು

ಬಸ್ ಡಿಪೋ ಎದುರಿನ ಔಷಧಿ ಅಂಗಡಿಯನ್ನು ಎಲ್ಲರೂ ಅಕ್ಕನ ಅಂಗಡಿ ಎನ್ನುತ್ತಿದ್ದರು. ಹಾಗೆ ನೋಡಿದರೆ ಅದರ ಒಂದು ಮೊಳೆಯೂ ಅವಳದಲ್ಲ. ಅಂಗಡಿ ದೊಡ್ಡದೊಂದು ಕಂಪನಿಯದು, ಊರಿನ ತುಂಬ ಅದೇ ಬಣ್ಣದ ಫಲಕ ಹೊತ್ತ ಅಂಗಡಿಗಳು. ಅವಳು ಅಲ್ಲಿ ಸಂಬಳಕ್ಕಿದ್ದ ಫಾರ್ಮಸಿಸ್ಟ್. ಆದರೆ ತಲೆಕೂದಲು ಪೂರ್ತಿ ಕಪ್ಪಿದ್ದ ಕಾಲದಿಂದ ಅದೇ ಕೌಂಟರಿನ ಹಿಂದೆ ನಿಂತವಳು. ಡಿಪೋದಲ್ಲಿ ಬಸ್ ಓಡಿಸುತ್ತಿದ್ದ ಅವಳ ತಂಗಿ ಬಂದಾಗಲೆಲ್ಲ ಬಾಗಿಲಿನಿಂದಲೇ "ಅಕ್ಕಾ" ಎಂದು ಕೂಗುವಳು. ಅದನ್ನು ಕೇಳಿ ಕೇಳಿ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೂ ಅಕ್ಕ ಎನ್ನತೊಡಗಿದರು. ಕೊನೆಗೆ ಅವಳಿಗಿಂತ ಹಿರಿಯ ಮುದುಕರಿಗೂ ಅವಳು ಅಕ್ಕನೇ ಆಗಿಹೋದಳು.

ತಂಗಿಗೆ ಮನೆಯಲ್ಲಿ ಕರೆಯುವ ಹೆಸರು ಗಾಲಿ. ಅಂಬೆಗಾಲಿಡುವಾಗಲೇ ಕೂತಲ್ಲಿ ಕೂರದ ಕೂಸು ಎಂದು ಅಮ್ಮ ಇಟ್ಟ ಹೆಸರು. ಮುಂದೆ ಮಗಳು ನಿಜವಾಗಿಯೂ ಬಸ್ಸಿನ ಸ್ಟೀರಿಂಗ್ ಹಿಡಿದಾಗ, ಇದೆಲ್ಲ ತನಗೆ ಮೊದಲೇ ಗೊತ್ತಿತ್ತು ಎಂಬಂತೆ ಅಮ್ಮ ಅಕ್ಕಪಕ್ಕದವರ ಮುಂದೆ ಜಂಬ ಕೊಚ್ಚಿಕೊಂಡಳು.

ಆ ಸ್ಟೀರಿಂಗ್ ಸುಮ್ಮನೆ ಸಿಕ್ಕಿದ್ದಲ್ಲ. ಕಾಲೇಜು ಮುಗಿಸುವ ಹೊತ್ತಿಗೆ ಗಾಲಿಗೆ ಫಿಟ್ಸ್ ಶುರುವಾಗಿತ್ತು. ಮಾತಾಡುತ್ತಾ ಇದ್ದವಳು ನಡುವೆಯೇ ನಿಲ್ಲಿಸುವಳು, ಕಣ್ಣು ಮೇಲೆ ಹೋಗುವುದು, ಬಿದ್ದು ಒದ್ದಾಡುವಳು. ನರರೋಗದ ಡಾಕ್ಟರು ಒಂದಾದ ಮೇಲೆ ಒಂದು ಮಾತ್ರೆ ಕೊಟ್ಟು ನೋಡಿದರು. ಒಂದು ಹಗಲಿಡೀ ತೂಕಡಿಸುವ ಹಾಗೆ ಮಾಡಿತು, ಇನ್ನೊಂದು ಮೈಯೆಲ್ಲ ದದ್ದು ಎಬ್ಬಿಸಿತು, ಮತ್ತೊಂದು ಸುಮ್ಮಸುಮ್ಮನೆ ಅಳಿಸಿತು. ಅಂತೂ ಕೊನೆಗೆ ಒಂದು ಹಿಡಿಯಿತು. ಗುಲಾಬಿ ಬಣ್ಣದ ಪಟ್ಟಿಯಲ್ಲಿ ಬರುವ, ಒಂದು ಹಳೆಯ ಕಂಪನಿಯ ಮಾತ್ರೆ. ಅದು ಹಿಡಿದ ಮೇಲೆ ಫಿಟ್ಸ್ ಮತ್ತೆ ಮುಖ ತೋರಿಸಲಿಲ್ಲ. ವರ್ಷಗಟ್ಟಲೆ ಕಾದು, ವೈದ್ಯರ ಮಂಡಳಿಯ ಮುಂದೆ ನಿಂತು, ಅವರು ಕೇಳಿದ ಪರೀಕ್ಷೆಗಳನ್ನೆಲ್ಲ ಮಾಡಿಸಿಕೊಂಡು ಗಾಲಿ ಲೈಸೆನ್ಸ್ ಪಡೆದಳು. ಡಿಪೋದಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಖಾಕಿ ಅಂಗಿ ತೊಟ್ಟು ಅಂಗಡಿಗೆ ಬಂದು, ಗಿರಾಕಿಗಳ ಮುಂದೆಯೇ ಅಕ್ಕನಿಗೆ ಸೆಲ್ಯೂಟ್ ಹೊಡೆದಿದ್ದಳು.

ಡಾಕ್ಟರು ಕೈಬರಹದ ಕಾಲದವರು. ಚೀಟಿಯಲ್ಲಿ ಮಾತ್ರೆಯ ಹೆಸರು ಬರೆದು, ಕೆಳಗೆ "ಇದೇ ಕಂಪನಿಯದು, ಬದಲಿ ಬೇಡ" ಎಂದು ಕಾಗದ ಹರಿಯುವಷ್ಟು ಒತ್ತಿ ಗೆರೆ ಎಳೆಯುತ್ತಿದ್ದರು. ಅಷ್ಟಾದರೆ ಮುಗಿಯಿತು, ಅಕ್ಕ ಗುಲಾಬಿ ಪಟ್ಟಿಯನ್ನೇ ಕೊಡುವಳು.

ಆಮೇಲೆ ಚೀಟಿಗಳು ಕಂಪ್ಯೂಟರಿಗೆ ಬಂದವು. ಡಾಕ್ಟರು ಅಲ್ಲಿ ಬರೆದರೆ ಇಲ್ಲಿ ಅಂಗಡಿಯ ಪರದೆಯ ಮೇಲೆ ಕಾಣುತ್ತದೆ. ಚೀಟಿಯ ಜೊತೆಗೆ ನಿಯಮವೂ ಬಂತು. ಡಾಕ್ಟರು ಯಾವ ಕಂಪನಿಯ ಹೆಸರು ಬರೆದಿದ್ದರೂ ಅಂಗಡಿಯವರು ಅದೇ ಮದ್ದಿರುವ, ಅಗ್ಗದ ಜೆನೆರಿಕ್ ಮಾತ್ರೆಯನ್ನೇ ಕೊಡಬೇಕು. ಬದಲಿ ಬೇಡ ಎನಿಸಿದರೆ ಡಾಕ್ಟರು ಅದಕ್ಕೆಂದೇ ಇರುವ ಚೌಕದಲ್ಲಿ ಗುರುತು ಹಾಕಬೇಕು. ಯಾಕೆ ಬೇಡ ಎಂದು ಪ್ರತಿ ಸಲವೂ ಹೊಸದಾಗಿ ಟೈಪ್ ಮಾಡಬೇಕು. ಬೇರೆ ಎಲ್ಲಿ ಏನು ಬರೆದರೂ ಲೆಕ್ಕಕ್ಕಿಲ್ಲ. ಅಂಗಡಿಯವರು ಬದಲಿ ಕೊಡುತ್ತಿರುವುದನ್ನು ರೋಗಿಗೆ ತಿಳಿಸಬೇಕು. ರೋಗಿ ಬೇಡ ಎಂದರೆ ಮಾತ್ರ, 'ರೋಗಿ ಒಪ್ಪಲಿಲ್ಲ' ಎಂಬ ಗುಂಡಿ ಒತ್ತಿ ಮೊದಲಿನದನ್ನು ಕೊಡಬಹುದು.

ಅಕ್ಕನಿಗೆ ಈ ನಿಯಮದ ಮೇಲೆ ಸಿಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಅವಳು ಜೆನೆರಿಕ್ ಪರ. ಪೆಟ್ಟಿಗೆಯ ಬಣ್ಣ ಬದಲಾಯಿತೆಂದು ಮೂಗು ಮುರಿಯುವ ಮುದುಕರಿಗೆ ಅವಳು ತಾಳ್ಮೆಯಿಂದ ತಿಳಿಹೇಳುತ್ತಿದ್ದಳು: ಮನುಷ್ಯ ಅದೇ, ಅಂಗಿ ಮಾತ್ರ ಬೇರೆ. ರಕ್ತದೊತ್ತಡಕ್ಕೆ, ಸಕ್ಕರೆಗೆ, ಹೊಟ್ಟೆಯುರಿಗೆ ಆ ಮಾತು ಎಷ್ಟೋ ಸಲ ನಿಜವಾಗಿತ್ತು. ದುಬಾರಿ ಎಂದು ಔಷಧಿಯನ್ನೇ ಬಿಟ್ಟಿದ್ದವರು ಮತ್ತೆ ತೆಗೆದುಕೊಳ್ಳತೊಡಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಕೆಲವು ಮದ್ದುಗಳ ವಿಷಯ ಸೂಕ್ಷ್ಮ, ಫಿಟ್ಸಿನದಂತೂ ಇನ್ನೂ ಸೂಕ್ಷ್ಮ, ಒಂದು ಕಂಪನಿಯದು ಹಿಡಿದವರಿಗೆ ಅದನ್ನೇ ಮುಂದುವರಿಸುವುದು ಒಳ್ಳೆಯದು ಎಂಬುದೂ ಅವಳಿಗೆ ಗೊತ್ತಿತ್ತು. ಓದಿದ್ದಳು. ಆದರೆ ಹೆಚ್ಚಿನವರಿಗೆ ಏನೂ ವ್ಯತ್ಯಾಸವಾಗುವುದಿಲ್ಲ ಎಂದೂ ಓದಿದ್ದಳು.

ಆ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಕಂಪನಿಯ ಮೇಲ್ವಿಚಾರಕನ ಫೋನು ಬಂದಿತ್ತು. ಎಲ್ಲ ಅಂಗಡಿಗಳಿಗಿಂತ ನಿಮ್ಮಲ್ಲೇ ಕಂಪನಿ ಹೆಸರಿನ ಮಾತ್ರೆಗಳು ಹೆಚ್ಚು ಹೋಗುತ್ತಿವೆ, ರೋಗಿಗಳು ಅಷ್ಟೊಂದು ಒಪ್ಪದೆ ಇರುವುದಕ್ಕೆ ಕಾರಣ ಏನು, ನೀವು ಸರಿಯಾಗಿ ತಿಳಿಸಿ ಹೇಳುತ್ತಿಲ್ಲವೇನೋ ಮೇಡಂ, ಎಂದು ಅವನು ನಯವಾಗಿಯೇ ಕೊರೆದಿದ್ದ. ಅವನ ನಯ ಅಕ್ಕನಿಗೆ ಬೈಗುಳಕ್ಕಿಂತ ಹೆಚ್ಚು ನಾಟುತ್ತಿತ್ತು. ಇನ್ನೊಂದು ಸಲ ಹೀಗಾದರೆ ತನ್ನನ್ನು ಊರಾಚೆಯ ಅಂಗಡಿಗೆ ಎಸೆಯುತ್ತಾರೆ ಎಂಬ ಹೆದರಿಕೆ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಮಧ್ಯಾಹ್ನ ಗಾಲಿ ಬಂದಳು. ಒಂದು ಸುತ್ತು ಮುಗಿಸಿ ಇನ್ನೊಂದಕ್ಕೆ ಹೊರಡುವ ನಡುವಿನ ಬಿಡುವು. ಮನೆಯಲ್ಲಿ ಮಾತ್ರೆ ಮುಗಿದುಹೋಗಿತ್ತು. ಯಾವಾಗಲೂ ಹೀಗೇ, ಖಾಲಿ ಪಟ್ಟಿ ಕೈಗೆ ಬಂದ ಮೇಲೇ ಅವಳಿಗೆ ನೆನಪಾಗುವುದು. ಅಕ್ಕ ಬೈದುಕೊಂಡೇ ಚೀಟಿ ತೆರೆದಳು. ಗಾಲಿಯ ಹೆಸರಿಗೆ ಕಂಪ್ಯೂಟರಿನಲ್ಲಿ ಬಂದ ಮೊದಲ ಚೀಟಿ ಅದು.

ಗುರುತಿನ ಚೌಕ ಖಾಲಿ ಇತ್ತು. ಕಾರಣ ಬರೆಯುವ ಜಾಗವೂ ಖಾಲಿ. ಆದರೆ ಪರದೆಯ ತೀರ ಕೆಳಗೆ, ಸಣ್ಣಪುಟ್ಟ ವಿಷಯಕ್ಕೆಂದು ಬಿಟ್ಟಿದ್ದ 'ಷರಾ' ಎಂಬ ಜಾಗದಲ್ಲಿ ಡಾಕ್ಟರು ಬರೆದಿದ್ದರು: "ಈ ರೋಗಿಗೆ ಹಳೆಯ ಕಂಪನಿಯ ಮಾತ್ರೆಯನ್ನೇ ಕೊಡುವುದು. ದಯವಿಟ್ಟು ಬದಲಿಸಬೇಡಿ."

ಪಾಪ, ಮುದಿ ಡಾಕ್ಟರು. ಚೀಟಿಯ ಕೆಳಗೆ ಬರೆದು ರೂಢಿಯಾದವರು, ಇಲ್ಲೂ ಕೆಳಗೇ ಬರೆದಿದ್ದರು.

ಅಕ್ಕ ಡಾಕ್ಟರ ಕ್ಲಿನಿಕ್ಕಿಗೆ ಫೋನು ಮಾಡಿದಳು. ಹೊಸ ಚೀಟಿ ಕಳಿಸಿದರೆ ಆಯಿತು, ಒಂದು ನಿಮಿಷದ ಕೆಲಸ. ಅತ್ತ ಕಡೆಯ ಹುಡುಗಿ ಸ್ವಲ್ಪ ಇರಿ ಎಂದು ಸಂಗೀತ ಹಾಕಿಟ್ಟು ಹೋದಳು. ಸಂಗೀತ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಗಾಲಿಯ ಹಿಂದೆ ಸಾಲು ಬೆಳೆಯುತ್ತಿತ್ತು. ಕೆಮ್ಮುವ ಮಗುವನ್ನು ಎತ್ತಿಕೊಂಡ ತಾಯಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದಳು. ಒಬ್ಬಾತ ಮನೆಯವರ ಕೆಲಸಕ್ಕಾದರೆ ಎಷ್ಟು ಹೊತ್ತಾದರೂ ಆಗಬಹುದು ಎಂದು ಎಲ್ಲರಿಗೂ ಕೇಳುವ ಹಾಗೆ ಗೊಣಗಿದ. ಅಕ್ಕ ಫೋನು ಇಟ್ಟಳು.

ಗುಲಾಬಿ ಪಟ್ಟಿಗಳು ಅವಳ ಬೆನ್ನ ಹಿಂದಿನ ಕಪಾಟಿನಲ್ಲೇ ಇದ್ದವು. ಅವಳು ಬಿಳಿ ಪೆಟ್ಟಿಗೆಯೊಂದನ್ನು ತೆಗೆದು ಕೌಂಟರಿನ ಮೇಲಿಟ್ಟು, ನಿಯಮದ ಪ್ರಕಾರ ಹೇಳಬೇಕಾದದ್ದನ್ನು ಹೇಳಿದಳು: ಇದು ಜೆನೆರಿಕ್, ಒಳಗಿನ ಮದ್ದು ಅದೇ, ಬೇಡ ಅನ್ನುವ ಹಕ್ಕು ನಿನಗಿದೆ.

ಗಾಲಿ ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. "ನನ್ನ ಹಕ್ಕು ಗಿಕ್ಕು ಇರಲಿ. ನೀನೇನ್ ಹೇಳ್ತೀಯ?"

"ಏನೂ ಆಗಲ್ಲ, ತಗೋ."

"ಡಾಕ್ಟ್ರು ಏನಾದ್ರೂ ಅಂದಿದ್ದಾರಾ?"

ಅಕ್ಕ ಪರದೆಯನ್ನು ನೋಡಿದಳು. ಹೇಳಿದರೆ ಇವಳು ಹೆದರುತ್ತಾಳೆ, ಸುಮ್ಮನೆ ತಲೆಗೆ ಹುಳ ಬಿಟ್ಟ ಹಾಗಾಗುತ್ತದೆ, ಹೆದರಿಕೆಯಿಂದಲೇ ಏನಾದರೂ ಆದರೆ? ಹಾಗೆ ಅಂದುಕೊಂಡಳು. ಬೆಳಗಿನ ಫೋನು ಆಗ ನೆನಪಿಗೆ ಬಂದಿತ್ತೋ ಇಲ್ಲವೋ, ಎಷ್ಟು ಸಲ ಕೆದಕಿಕೊಂಡರೂ ಆಮೇಲೆ ಅವಳಿಗೆ ಅದು ಸ್ಪಷ್ಟವಾಗಲಿಲ್ಲ.

"ಗುರುತು ಏನೂ ಹಾಕಿಲ್ಲ," ಎಂದಳು. ಅದು ಸುಳ್ಳಾಗಿರಲಿಲ್ಲ.

ಗಾಲಿ ಪೆಟ್ಟಿಗೆಯನ್ನು ಅಂಗಿಯ ಜೇಬಿಗೆ ತುರುಕಿಕೊಂಡು, ಹಿಂದೆ ಗೊಣಗಿದವನಿಗೆ "ನಿಮ್ ಬಸ್ಸು ನಾನೇ ಓಡಿಸೋದು, ನೋಡ್ಕೊಳ್ಳಿ" ಎಂದು ನಗಿಸಿ ಹೊರಟುಹೋದಳು.

ಕೆಲವು ವಾರ ಏನೂ ಆಗಲಿಲ್ಲ. ಅಕ್ಕ ಆ ಮಾತನ್ನು ಮರೆತೇಬಿಟ್ಟಿದ್ದಳು.

ಸುದ್ದಿ ಅಮ್ಮನಿಗೆ ಮೊದಲು ಮುಟ್ಟಿತು, ಅದೂ ಕೆಟ್ಟ ದಾರಿಯಲ್ಲಿ. ಅಮ್ಮ ಅಕ್ಕನ ಜೊತೆಗೆ ಇದ್ದಳು. ಗಾಲಿ ಮತ್ತು ಅವಳ ಗಂಡನ ಮನೆ ಊರಿನ ಇನ್ನೊಂದು ತುದಿಗೆ. ಪಕ್ಕದ ಮನೆಗೆ ಹೊಸದಾಗಿ ಬಂದಿದ್ದಾಕೆ ಮೊಬೈಲಿನಲ್ಲಿ ಬಂದ ವಿಡಿಯೋ ಒಂದನ್ನು ತೋರಿಸಲು ಬಂದಳು. ಎಂಥೆಂಥವರ ಕೈಗೆ ಬಸ್ಸು ಕೊಡ್ತಾರೆ ನೋಡಿ, ನಾವು ಹತ್ತಿ ಕೂರೋದು ಹೇಗೆ, ಎನ್ನುತ್ತ ಅಮ್ಮನ ಕಣ್ಣ ಮುಂದೆ ಹಿಡಿದಳು. ನಿಂತ ಬಸ್ಸು. ಎಂಜಿನ್ನು ಗುರುಗುಟ್ಟುತ್ತಿದೆ. ಡ್ರೈವರ್ ಸೀಟಿನಲ್ಲಿ ಖಾಕಿ ತೊಟ್ಟ ಹೆಂಗಸೊಬ್ಬಳ ಮೈ ಸೆಟೆದು ಸೆಟೆದು ಬಡಿದುಕೊಳ್ಳುತ್ತಿದೆ, ಬಾಯಿಂದ ರಕ್ತ ಬೆರೆತ ನೊರೆ. ಹತ್ತಿದ್ದವರು ಕಿರುಚುತ್ತ ಇಳಿಯುತ್ತಿದ್ದಾರೆ. ವಿಡಿಯೋ ಮಾಡುತ್ತಿದ್ದವನು ಕೈ ಅಲ್ಲಾಡದಂತೆ ನಿಂತು ಮಾಡಿದ್ದಾನೆ.

ಅಮ್ಮ ಫೋನನ್ನು ಆಕೆಯ ಕೈಗೇ ಕೊಟ್ಟು, ಚಪ್ಪಲಿ ಕೂಡ ಮೆಟ್ಟದೆ ಅಕ್ಕನ ಅಂಗಡಿಯ ಕಡೆ ನಡೆದುಬಿಟ್ಟಳು.

ಬಸ್ಸು ದಾರಿಯ ಆ ಕೊನೆಯ ನಿಲ್ದಾಣದಲ್ಲಿ ನಿಂತಿತ್ತು, ಇನ್ನೂ ಹೊರಟಿರಲಿಲ್ಲ. ಯಾರಿಗೂ ಏಟಾಗಿರಲಿಲ್ಲ. ಅಷ್ಟಕ್ಕೇ ಸಮಾಧಾನ ಪಟ್ಟುಕೊಳ್ಳಬೇಕು ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳಿದರು. ಗಾಲಿ ನಾಲಿಗೆ ಕಚ್ಚಿಕೊಂಡಿದ್ದಳು, ಮಾತು ತೊದಲುತ್ತಿತ್ತು. ಮಂಚದ ಒಂದು ಪಕ್ಕ ಅವಳ ಗಂಡ, ಹೋಟೆಲಿನ ಅಡುಗೆಮನೆಯಿಂದ ಬಂದವನು ಏಪ್ರನ್ ಬಿಚ್ಚುವುದನ್ನೂ ಮರೆತಿದ್ದ. ಇನ್ನೊಂದು ಪಕ್ಕ ಅಕ್ಕ ಮತ್ತು ಅಮ್ಮ.

ನರರೋಗದ ಡಾಕ್ಟರು ಬಂದು ರಕ್ತಪರೀಕ್ಷೆ ನೋಡಿದರು. ಮದ್ದಿನ ಮಟ್ಟ ಮೊದಲಿಗಿಂತ ಸ್ವಲ್ಪ ಇಳಿದಿದೆ, ಆದರೆ ಇರಬೇಕಾದ ಮಿತಿಯೊಳಗೇ ಇದೆ ಎಂದರು. ಆ ವಾರ ಗಾಲಿ ರಜೆ ಹಾಕಿದ್ದವರ ಪಾಳಿಯನ್ನೂ ಮಾಡಿದ್ದಳು, ನಿದ್ದೆ ಕೆಟ್ಟಿತ್ತು. ಮಾತ್ರೆ ಬದಲಾದದ್ದಕ್ಕೋ, ನಿದ್ದೆಗೆಟ್ಟದ್ದಕ್ಕೋ, ಎರಡೂ ಸೇರಿಯೋ, ಖಚಿತವಾಗಿ ಯಾರೂ ಹೇಳಲಾರರು. ಹೀಗೆಂದು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ಆರೋಪವೇನೂ ಇಲ್ಲದ ದನಿಯಲ್ಲಿ, ತಮಗೆ ತಾವೇ ಅಂದುಕೊಂಡ ಹಾಗೆ ಸೇರಿಸಿದರು: "ಆದ್ರೂ ನಾನು ಷರಾದಲ್ಲಿ ಬರೆದಿದ್ದೆ. ಬದಲಿಸಬೇಡಿ ಅಂತ."

ಡಾಕ್ಟರು ಹೋದ ಮೇಲೆ ಗಾಲಿ ಅಕ್ಕನ ಕಡೆ ತಿರುಗಿದಳು.

"ಬರೆದಿದ್ರಾ?"

"ಹೂಂ."

"ನೀನು ಓದಿದ್ಯಾ?"

ಅಂಗಡಿಯಲ್ಲಿ ಸಾಲು ಉದ್ದ ಇತ್ತು, ಕಣ್ತಪ್ಪಿತು ಅಂದುಬಿಟ್ಟಿದ್ದರೆ ಯಾರೂ ಅನುಮಾನಿಸುತ್ತಿರಲಿಲ್ಲ. ಅಕ್ಕ "ಓದಿದ್ದೆ" ಎಂದಳು.

"ನಾನು ಕೇಳಿದ್ನಲ್ಲ. ಡಾಕ್ಟ್ರು ಏನಾದ್ರೂ ಅಂದಿದ್ದಾರಾ ಅಂತ ಬಾಯ್ಬಿಟ್ಟು ಕೇಳಿದ್ನಲ್ಲ."

"ನೀನು ಹೆದರ್ತೀಯ ಅಂತ..."

ಗಾಲಿ ಊದಿದ ನಾಲಿಗೆಯಲ್ಲಿ ಒಂದೊಂದೇ ಶಬ್ದ ಹೊರಳಿಸಿ ಹೇಳಿದಳು: "ಹೆದರೋದು ನನ್ನ ಕೆಲಸ ಆಗಿತ್ತು. ಅದನ್ನೂ ನೀನೇ ನಿರ್ಧಾರ ಮಾಡ್ಬಿಟ್ಟೆ."

ಅಮ್ಮ ಇಬ್ಬರ ಮುಖವನ್ನೂ ನೋಡಿದಳು. ಯಾರ ಪರವೂ ಮಾತಾಡಲಿಲ್ಲ. ಅಕ್ಕನಿಗೆ ಅದೇ ಹೆಚ್ಚು ನೋವಾಯಿತು. ಬೈದಿದ್ದರೆ ಏನಾದರೂ ಎದುರು ಹೇಳಬಹುದಿತ್ತು.

ಲೈಸೆನ್ಸ್ ಹೋಯಿತು. ಮತ್ತೆ ವರ್ಷಗಟ್ಟಲೆ ಫಿಟ್ಸ್ ಇಲ್ಲದೆ ಇದ್ದು, ಮತ್ತೆ ಮಂಡಳಿಯ ಮುಂದೆ ನಿಂತರೆ ಆಗ ನೋಡೋಣ ಎಂದರು. ಆದರೆ ವಿಡಿಯೋ ನೋಡಿದ ಊರಿನಲ್ಲಿ ಗಾಲಿಗೆ ಇನ್ನೊಮ್ಮೆ ಬಸ್ಸು ಕೊಡುವ ಎದೆಗಾರಿಕೆ ಯಾವ ಅಧಿಕಾರಿಗೂ ಇರಲಾರದು ಎಂಬುದು ಎಲ್ಲರಿಗೂ ಗೊತ್ತಿತ್ತು. ಡಿಪೋದವರು ಕರುಣೆ ತೋರಿ ಕೆಲಸದಿಂದ ತೆಗೆಯಲಿಲ್ಲ. ಪಾಸು ಕೊಡುವ ಕಿಂಡಿಯ ಹಿಂದೆ ಕೂರಿಸಿದರು. ಕೂತಲ್ಲಿ ಕೂರದ ಕೂಸು ಬೆಳಗಿನಿಂದ ಸಂಜೆಯವರೆಗೆ ಸ್ಟೂಲಿನ ಮೇಲೆ ಕೂತು ಬೇರೆಯವರ ಫೋಟೋಗಳನ್ನು ಅಂಟಿಸತೊಡಗಿದಳು.

ವಿಷಯ ದೊಡ್ಡದಾದ್ದರಿಂದ ವಿಚಾರಣೆಯೂ ನಡೆಯಿತು. ಔಷಧಿ ಇಲಾಖೆಯಿಂದ ಒಬ್ಬರು ಬಂದು ಅಂಗಡಿಯ ಕಂಪ್ಯೂಟರಿನ ಮುಂದೆ ಕೂತರು. ಪಕ್ಕದಲ್ಲಿ ಮೇಲ್ವಿಚಾರಕ, ಹೊಸ ಅಂಗಿ ಹಾಕಿಕೊಂಡು. ಅಧಿಕಾರಿ ಚೌಕ ನೋಡಿದರು, ಖಾಲಿ. ಕಾರಣದ ಜಾಗ ನೋಡಿದರು, ಖಾಲಿ. ರೋಗಿಗೆ ತಿಳಿಸಲಾಗಿದೆ ಎಂಬ ಕಡೆ ಅಕ್ಕನ ಗುರುತು ಇತ್ತು. ಎಲ್ಲ ಸರಿಯಾಗಿದೆ ಎಂದು ಬರೆದುಕೊಂಡರು.

ಯಾರೂ ಕೇಳದೆಯೇ ಅಕ್ಕ ಬಾಯಿ ಹಾಕಿದಳು. "ಸರ್, ನಾನು ಷರಾ ಓದಿದ್ದೆ. ಅವಳು ಕೇಳಿದಾಗ ಹೇಳಲಿಲ್ಲ. ಅದನ್ನೂ ಬರ್ಕೊಳ್ಳಿ."

ಅಧಿಕಾರಿ ತಲೆ ಎತ್ತಿದರು. ಕೆಟ್ಟ ಮನುಷ್ಯನಲ್ಲ, ದಣಿದ ಕಣ್ಣಿನ, ನಿವೃತ್ತಿಗೆ ಹತ್ತಿರವಾದ ವ್ಯಕ್ತಿ. "ನೋಡಿ ಅಮ್ಮ," ಎಂದರು, "ಷರಾ ಓದಬೇಕು ಅಂತ ನಿಯಮದಲ್ಲಿ ಇಲ್ಲ. ಓದಿದ್ದನ್ನ ರೋಗಿಗೆ ಹೇಳಬೇಕು ಅಂತಲೂ ಇಲ್ಲ. ಇಲ್ಲದ್ದನ್ನ ನಾನು ಯಾವ ಕಲಮಿನ ಕೆಳಗೆ ಬರೀಲಿ?"

ಮೇಲ್ವಿಚಾರಕ ಅವಳನ್ನು ಒಳಗೆ ಕರೆದು, ಪೆಟ್ಟಿಗೆಗಳ ನಡುವೆ ನಿಲ್ಲಿಸಿಕೊಂಡು, ನಿಮಗೆ ಏನಾಗಿದೆ ಮೇಡಂ, ಕೈ ತೊಳೆದುಕೊಂಡು ಹೊರಗೆ ಬಂದವರು ಮತ್ತೆ ಕೆಸರಿಗೆ ಕೈ ಹಾಕ್ತೀರಲ್ಲ, ಎಂದು ಪಿಸುಗುಟ್ಟಿದ. ಅವನ ದೃಷ್ಟಿಯಲ್ಲಿ ಅವಳು ಅಂಗಡಿಯ ಮರ್ಯಾದೆ ಉಳಿಸಿದವಳು. ಮುಂದೆ ಹೊಸಬರಿಗೆ ತರಬೇತಿ ಕೊಡುವಾಗ ಇದೇ ಪ್ರಕರಣವನ್ನು ಹೇಳುತ್ತಾರಂತೆ. ಎಷ್ಟೇ ಒತ್ತಡ ಇದ್ದರೂ, ತನ್ನ ಸ್ವಂತ ತಂಗಿಯೇ ಎದುರಿಗೆ ನಿಂತಿದ್ದರೂ, ನಿಯಮ ಬಿಟ್ಟು ಕದಲದ ಫಾರ್ಮಸಿಸ್ಟ್ ಎಂದು. ಅಕ್ಕ ನಿಮ್ಮ ತರಬೇತಿಗೆ ನನ್ನ ತಂಗಿಯನ್ನು ಎಳೆಯಬೇಡಿ ಎಂದು ಹೇಳಿ ಹೊರಗೆ ಬಂದಳು. ಹೆಸರು ಹೇಳುವುದಿಲ್ಲ ಬಿಡಿ ಎಂದು ಅವನು ಹಿಂದಿನಿಂದ ಸಮಾಧಾನ ಮಾಡಿದ.

ಕೆಲವು ತಿಂಗಳಾದ ಮೇಲೆ ಇಲಾಖೆಯಿಂದ ಸುತ್ತೋಲೆ ಬಂತು: ಈಚಿನ ಪ್ರಕರಣವೊಂದರಲ್ಲಿ ಉಂಟಾದ ಗೊಂದಲ ಮರುಕಳಿಸದಂತೆ ಚೀಟಿಯ ನಮೂನೆಯನ್ನು ಸುಧಾರಿಸಲಾಗಿದೆ. ಅಕ್ಕ ಆಸೆಯಿಂದಲೇ ಹೊಸ ಪರದೆ ತೆರೆದಳು. ಷರಾ ಕಂಡರೆ ಡಾಕ್ಟರಿಗೆ ತಿರುಗಿ ಕೇಳಬೇಕು ಎಂದೋ, ಫಿಟ್ಸಿನ ಮದ್ದುಗಳಿಗೆ ಬೇರೆ ನಿಯಮ ಎಂದೋ ಇರಬಹುದು ಅಂದುಕೊಂಡಿದ್ದಳು. ಚೌಕ ಇದ್ದಲ್ಲೇ ಇತ್ತು, ಕಾರಣದ ಜಾಗ ಇದ್ದಲ್ಲೇ ಇತ್ತು. ಕೆಳಗೆ ಷರಾ ಎಂಬ ಜಾಗವನ್ನೇ ಕಿತ್ತುಹಾಕಿದ್ದರು. ಇನ್ನು ಮೇಲೆ ಯಾವ ಡಾಕ್ಟರೂ ಅಲ್ಲಿ ಏನೂ ಬರೆಯುವಂತಿರಲಿಲ್ಲ, ಯಾವ ಅಂಗಡಿಯವರೂ ಓದುವಂತಿರಲಿಲ್ಲ.

ಅಂದಿನಿಂದ ಅಕ್ಕ ಫಿಟ್ಸಿನ ಮಾತ್ರೆಗೆ ಬಂದ ಪ್ರತಿಯೊಬ್ಬರಿಗೂ, ಹಿಂದೆ ಎಷ್ಟೇ ಉದ್ದ ಸಾಲಿರಲಿ, ಯಾವ ಕಂಪನಿಯದು ತೆಗೆದುಕೊಳ್ಳುತ್ತಿದ್ದಿರಿ, ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿದ್ದೀರಾ, ಬೇಡ ಎನ್ನುವುದಾದರೆ ಈಗಲೇ ಹೇಳಿ ಎಂದು ಕೂರಿಸಿಕೊಂಡು ಕೇಳತೊಡಗಿದಳು. ಕೆಲವರು ಹೆದರಿದರು. ಕೆಲವರು ಇವಳಿಗೇನು ಗೀಳು ಎಂದು ಬೇರೆ ಅಂಗಡಿಗೆ ಹೋದರು. ಮೇಲ್ವಿಚಾರಕನ ನಯ ಕಡಿಮೆಯಾಗುತ್ತ ಬಂತು. ವರ್ಷ ಕಳೆಯುವ ಮೊದಲೇ ಊರಾಚೆಯ ಅಂಗಡಿಗೆ ವರ್ಗದ ಆದೇಶ ಬಂತು.

ಅಷ್ಟರಲ್ಲಿ ಅಮ್ಮ ಮನೆ ಬಿಟ್ಟಿದ್ದಳು. ಜಗಳ ಆಡಿಕೊಂಡು ಹೋದದ್ದಲ್ಲ. ಗಾಲಿಯನ್ನು ಒಬ್ಬಳೇ ಬಿಡುವುದು ಬೇಡ, ಗಂಡ ಕೆಲಸಕ್ಕೆ ಹೋದಾಗ ಯಾರಾದರೂ ಇರಬೇಕು ಎಂದು ಹೊರಟಳು. ಬಟ್ಟೆ ಮಡಚುವಾಗ, ವಾರಕ್ಕೊಮ್ಮೆ ಬರುತ್ತೇನೆ ಎಂದಳು. ಮೊದಮೊದಲು ಬಂದಳು ಕೂಡ. ಬಂದಾಗ ಗಾಲಿಯ ವಿಷಯ ತಾನಾಗಿ ಎತ್ತುತ್ತಿರಲಿಲ್ಲ; ಅಕ್ಕ ಕೇಳಿದರೆ, ಚೆನ್ನಾಗಿದಾಳೆ, ಅದೇ ಗುಲಾಬಿ ಮಾತ್ರೆ ತಗೋತಾಳೆ, ಎಲ್ಲಿಂದಲೋ ತರ್ತಾಳೆ, ಎಂದು ಒಂದೇ ಉಸಿರಿನಲ್ಲಿ ಮುಗಿಸುವಳು. ಎಲ್ಲಿಂದ ಎಂದು ಅಕ್ಕ ಕೇಳಲಿಲ್ಲ. ಡಿಪೋ ಎದುರಿಗೇ ಅಂಗಡಿ ಇರುವಾಗ ಗಾಲಿ ಮಾತ್ರೆಗಾಗಿ ಬಸ್ಸು ಹಿಡಿದು ಹೋಗುವುದನ್ನು ಅವಳು ಗಾಜಿನ ಬಾಗಿಲಿನಿಂದ ಎಷ್ಟೋ ಸಲ ನೋಡಿದ್ದಳು. ಬಾಗಿಲಿನಿಂದ ಅಕ್ಕಾ ಎಂಬ ಕೂಗು ಮತ್ತೆ ಬರಲಿಲ್ಲ.

ಊರಾಚೆಗೆ ದಿನವೂ ಹೋಗಿ ಬರಲು ಪಾಸು ಬೇಕಾಯಿತು. ಬೇರೆ ಕಡೆಯೂ ಮಾಡಿಸಬಹುದಿತ್ತು. ಅಕ್ಕ ಡಿಪೋದ ಕಿಂಡಿಗೇ ಹೋದಳು. ಸಾಲಿನಲ್ಲಿ ನಿಂತಷ್ಟು ಹೊತ್ತೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು. ತಪ್ಪಾಯ್ತು ಕಣೇ ಎಂದು ಶುರು ಮಾಡುವುದೋ, ಹೇಗಿದ್ದೀಯ ಎಂದೋ. ಮುಂದಿನವನು ಸರಿದ. ಗಾಜಿನ ಹಿಂದೆ ಗಾಲಿ ಇದ್ದಳು. ಸ್ವಲ್ಪ ದಪ್ಪಗಾಗಿದ್ದಳು, ಕೂದಲು ಗಿಡ್ಡ ಕತ್ತರಿಸಿಕೊಂಡಿದ್ದಳು. ತಲೆ ಎತ್ತಿ ನೋಡಿದಳು. ಗುರುತು ಹಿಡಿದದ್ದು ಕಣ್ಣಿನಲ್ಲಿ ಸ್ಪಷ್ಟವಾಗಿಯೇ ಕಂಡಿತು. ಆಮೇಲೆ ಕಣ್ಣು ಕಂಪ್ಯೂಟರಿನ ಕಡೆ ಹೋಯಿತು.

"ಎಲ್ಲಿಂದ ಎಲ್ಲಿಗೆ?"

ಅಕ್ಕ ಹೇಳಿದಳು.

"ನಿಮ್ಮ ಹೆಸರು?"

ನಿಮ್ಮ ಎಂಬ ಆ ಮಾತು ಎದೆಗೆ ಬಂದು ಬಡಿಯಿತು. ಹುಟ್ಟಿದಾಗಿನಿಂದ ತಂಗಿಯ ಬಾಯಲ್ಲಿ ನೀನು ಬಿಟ್ಟು ಬೇರೆ ಕೇಳಿದವಳಲ್ಲ. ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಅಕ್ಕ ತನ್ನ ಹೆಸರು ಹೇಳಿದಳು. ಗಾಲಿ ಅದನ್ನು ತಪ್ಪಿಲ್ಲದೆ ಟೈಪ್ ಮಾಡಿದಳು.

ಫೋಟೋ ಅಂಟಿಸಿ, ಮೊಹರು ಒತ್ತಿ, ಕಿಂಡಿಯಿಂದ ಪಾಸನ್ನು ಹೊರಗೆ ತಳ್ಳಿದಳು. ಎಸೆಯಲಿಲ್ಲ, ನಿಧಾನವಾಗಿ, ಎಲ್ಲರಿಗೂ ಕೊಡುವ ಹಾಗೇ ಕೊಟ್ಟಳು.

"ಗಾಲಿ," ಎಂದಳು ಅಕ್ಕ.

"ಸ್ವಲ್ಪ ಆ ಕಡೆ ನಿಲ್ತೀರಾ," ಎಂದಳು ಗಾಲಿ, "ಹಿಂದಿನವರು ಬರಲಿ."

ಅಕ್ಕ ಸರಿದು ನಿಂತಳು. ಹಿಂದಿನವರು ಬಂದರು, ಅವರ ಹಿಂದಿನವರೂ ಬಂದರು. ಸಾಲು ಪೂರ್ತಿ ಕರಗಿದ ಮೇಲೆ ಗಾಲಿ ಕಿಂಡಿಯ ಬಾಗಿಲು ಎಳೆದುಕೊಂಡು ಊಟಕ್ಕೆ ಎದ್ದುಹೋದಳು. ಊರಾಚೆಯ ಬಸ್ಸು ಬಂದು ನಿಂತಿತ್ತು. ಯಾರೋ ಹೊಸ ಹುಡುಗ ಡ್ರೈವರ್ ಸೀಟಿನಲ್ಲಿದ್ದ. ಅಕ್ಕ ಹತ್ತಿ ಪಾಸು ತೋರಿಸಿದಳು. ಅವನು ಅದರ ಕಡೆ ನೋಡದೆಯೇ ತಲೆಯಾಡಿಸಿ ಗಾಡಿ ಬಿಟ್ಟ.